ಆಮೆ ಹೊತ್ತ ಮಾತು

ನಮ್ಮ ಮನೆಯಲ್ಲಿ ಅಪ್ಪ ಅಮ್ಮ ಮಾತು ಬಿಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮಾತು ಬಿಡದಿದ್ದಾಗಲೂ ಅವರು ಮಾತಾಡುತ್ತಿರಲಿಲ್ಲವಲ್ಲ, ಅದಕ್ಕೆ. ಅತ್ತೆಯ ಎದುರಿಗೆ ಸೊಸೆ ಗಂಡನ ಜೊತೆ ನೇರವಾಗಿ ಮಾತಾಡುವುದು ಮರ್ಯಾದೆಯಲ್ಲ ಎನ್ನುವುದು ನಮ್ಮ ಅಜ್ಜಿ, ಎಂದರೆ ಅಪ್ಪನ ತಾಯಿ, ತನ್ನ ಅತ್ತೆಯಿಂದ ಕಲಿತು ಬಂದ ಪಾಠ. ಆಕೆ ಬೆಳಗ್ಗೆ ಪೂಜೆ ಮುಗಿಸಿ, ಹಣೆ ತುಂಬ ವಿಭೂತಿ ಬಳಿದುಕೊಂಡು ನಡುಮನೆಯ ಕಂಬಕ್ಕೆ ಒರಗಿ ಕೂತರೆ ಏಳುತ್ತಿದ್ದುದು ದೀಪ ಹಚ್ಚುವ ಹೊತ್ತಿಗೇ. ಶಿವನಿ ಎಂಬ ಊರಿನ ನಮ್ಮ ಮನೆಯ ಕಟ್ಟೋಣವೂ ಹಾಗೇ ಇತ್ತು. ನಡುಮನೆಯ ಒಂದು ಕಡೆಗೆ ಅಡುಗೆಮನೆ, ಇನ್ನೊಂದು ಕಡೆಗೆ ಒಂದು ಬಾಗಿಲು, ಆ ಬಾಗಿಲಾಚೆ ಅಪ್ಪನ ಹಿಟ್ಟಿನ ಮಿಲ್ಲು. ಹೀಗಾಗಿ ಹಗಲೆಲ್ಲ ಇಡೀ ಮನೆಯೇ ಅಜ್ಜಿಯ ಎದುರು. ಅಮ್ಮನಿಗೆ ಅಪ್ಪನ ಹತ್ತಿರ ಏನಾದರೂ ಹೇಳುವುದಿದ್ದರೆ ನನ್ನನ್ನು ಕರೆಯುತ್ತಿದ್ದಳು. ಅಪ್ಪನಿಗೂ ಅಷ್ಟೆ. ಅವರಿಗೆ ನಾನೊಬ್ಬಳೇ ಮಗಳು. ಒಂಬತ್ತು ವರ್ಷದವಳು, ಓಡಿದರೆ ಲಂಗ ಕಾಲಿಗೆ ಸಿಕ್ಕಿ ಬೀಳುವವಳು.

"ಅಪ್ಪಾ, ಸಂತೇಲಿ ಬೆಲ್ಲ ತರ್ಬೇಕಂತೆ."

"ಅಮ್ಮಾ, ಚೀಲ ಎಲ್ಲೈತೆ ಅಂತ ಕೇಳ್ತಾವ್ರಂತೆ."

"ಅಪ್ಪಾ, ಚೀಲ ಗೂಟದಾಗೇ ಐತಂತೆ, ಕಣ್ ಬಿಟ್ಕೊಂಡು ನೋಡ್ಬೇಕಂತೆ."

ಹೀಗೆ ನಮ್ಮ ಸಂಸಾರವೆಲ್ಲ ನಡೆಯುತ್ತಿದ್ದುದು 'ಅಂತೆ'ಯ ಮೇಲೆ. ಈ ವಯಸ್ಸಿನಲ್ಲಿ ಕೂತು ಯೋಚಿಸಿದರೆ ನನ್ನ ಗೊಂದಲಕ್ಕೆಲ್ಲ ಅದೇ ಮೂಲವಿರಬೇಕು ಅನಿಸುತ್ತದೆ. ಏಕೆಂದರೆ ರಾತ್ರಿ ಅಜ್ಜಿಯ ಮಗ್ಗುಲಲ್ಲಿ ಮಲಗಿದಾಗ ಆಕೆ ಹೇಳುತ್ತಿದ್ದ ಕತೆಯಲ್ಲೂ ಎಲ್ಲ ಅಂತೆಯೇ. ಕೆರೆಯ ತಳದಲ್ಲಿ ಒಂದು ಊರಿತ್ತಂತೆ. ಆ ಊರಿಗೆ ರಾಜ ಇದ್ದನಂತೆ, ರಾಣಿ ಇದ್ದಳಂತೆ. ಹಗಲು ಕೇಳಿದ ಅಂತೆ ನಿಜ, ರಾತ್ರಿ ಕೇಳಿದ ಅಂತೆ ಕತೆ ಎಂದು ನನಗೆ ಯಾರೂ ಬಿಡಿಸಿ ಹೇಳಲಿಲ್ಲ. ಬೆಲ್ಲ ತರಬೇಕಂತೆ ಎನ್ನುವುದೂ ರಾಣಿಯ ಕೂದಲಲ್ಲಿ ಮೀನು ಮಲಗುತ್ತಿದ್ದವಂತೆ ಎನ್ನುವುದೂ ನನ್ನ ತಲೆಯಲ್ಲಿ ಒಂದೇ ಮಡಕೆಗೆ ಬೀಳುತ್ತಿದ್ದವು.

ಈಗ ನಾನು ಕಡೂರಿನಲ್ಲಿದ್ದೇನೆ. ಮೂವತ್ತು ವರ್ಷ ಮೇಷ್ಟ್ರಮ್ಮನಾಗಿದ್ದು ನಿವೃತ್ತಳಾದ ಮೇಲೆ ಮೊಬೈಲಿನಲ್ಲಿ ಕತೆ ಬರೆಯುವ ಗೀಳು ಹತ್ತಿದೆ. ಇಲ್ಲದ ಊರಿನ, ಇಲ್ಲದ ರಾಜರಾಣಿಯರ ಪ್ರೇಮಕತೆಗಳು. ವಾರಕ್ಕೆರಡು ಕಂತು. ನನ್ನ ಕತೆಯಲ್ಲಿ ಯಾರೂ ಯಾರನ್ನೂ ಕೊಲ್ಲುವುದಿಲ್ಲ, ಯಾರೂ ಮೋಸ ಮಾಡುವುದಿಲ್ಲ, ಕೈಗೆ ಕೈ ತಾಗಬೇಕಾದರೆ ಹದಿನೈದು ಕಂತು ಬೇಕು. ಓದುವವರು ಹೆಚ್ಚಿನವರು ಹೆಂಗಸರು. 'ಸಕ್ಕರೆ ಹಾಗಿದೆ ಮೇಡಂ' ಎಂದು ಬರೆಯುತ್ತಾರೆ. ನನಗೆ ಅದೇ ಅರ್ಥವಾಗುವುದಿಲ್ಲ. ಪ್ರೀತಿಯ ಮಾತನ್ನು ಕಿವಿಯಾರೆ ಕೇಳದ ಮನೆಯಲ್ಲಿ ಬೆಳೆದವಳು ನಾನು. ಪಕ್ಕದಲ್ಲೇ ಕೂತ ಗಂಡನಿಗೆ 'ಊಟಕ್ಕೆ ಬನ್ನಿ' ಎಂದು ಮೆಸೇಜು ಕಳಿಸುತ್ತೇನೆಂದು ನಮ್ಮವರು ನೆಂಟರ ಮುಂದೆಲ್ಲ ನಗಾಡುತ್ತಾರೆ. ಅಂಥವಳ ಬೆರಳಿಗೆ ಈ ಸಕ್ಕರೆ ಎಲ್ಲಿಂದ ಹತ್ತಿತು? ಮೊನ್ನೆ ಕತೆ ಓದುವ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆಯಿಂದ ಈ ಹಳೆಯದೆಲ್ಲ ಕದಡಿತು. ಈಗ ಬರೆಯುತ್ತಿರುವ ಕತೆ ಅಜ್ಜಿಯ ಆ ಕೆರೆ ತಳದ ಊರಿನದೇ. ಆ ಹುಡುಗಿ ಕೇಳಿದ್ದಿಷ್ಟು: 'ನಿಮ್ಮ ಆಮೆ ಸುಳ್ಳು ಹೇಳ್ತಿದೆ ಅಲ್ವಾ ಮೇಡಂ?'

ಆಮೆಯ ವಿಷಯ ಹೇಳಬೇಕು. ಕೆರೆ ತಳದ ಊರಿನಲ್ಲಿ ರಾಜ ರಾಣಿ ಎದುರೆದುರು ಮಾತಾಡಿದರೆ ನೀರು ಕದಡಿ, ಮೇಲೆ ಬಟ್ಟೆ ಒಗೆಯುವವರಿಗೆ ತೊಂದರೆಯಾಗುತ್ತಿತ್ತಂತೆ. ಅದಕ್ಕೆ ಅವರು ಒಬ್ಬರಿಗೊಬ್ಬರು ಹೇಳಬೇಕಾದ ಮಾತನ್ನು ಒಂದು ಆಮೆಯ ಬೆನ್ನ ಮೇಲೆ ಇಟ್ಟು ಕಳಿಸುತ್ತಿದ್ದರಂತೆ. ಆಮೆಯದು ನಿಧಾನದ ನಡಿಗೆ. ಅರಮನೆಯ ಈ ಬಾಗಿಲಿಂದ ಆ ಬಾಗಿಲಿಗೆ ಹೋಗುವಷ್ಟರಲ್ಲಿ ಮಾತು ನೀರಲ್ಲಿ ನೆನೆದು ನೆನೆದು, ಸಿಟ್ಟಿನ ಮಾತಾದರೂ ಮೆತ್ತಗಾಗುತ್ತಿತ್ತಂತೆ.

"ಹುರುಳಿಕಾಳು ನೆನ್ಸಿದಂಗೆ ಕಣೇ ಗೌರಿ," ಎಂದು ಅಜ್ಜಿ ಕತ್ತಲಲ್ಲಿ ನಗುತ್ತಿದ್ದಳು. "ಒಣ ಕಾಳು ತಿಂದ್ರೆ ಹಲ್ಲೇ ಹೋಯ್ತದೆ."

ನಮ್ಮ ಮಿಲ್ಲಿನ ಬಗ್ಗೆಯೂ ಹೇಳಬೇಕು. ಕರೆಂಟು ಬಂದಾಗ ಅದು ಓಡುತ್ತಿತ್ತು, ಹೋದಾಗ ನಿಲ್ಲುತ್ತಿತ್ತು. ಓಡುವಾಗ ಅಡುಗೆಮನೆಯ ನಾಗಂದಿಗೆಯ ಮೇಲಿನ ಹಿತ್ತಾಳೆ ಪಾತ್ರೆಗಳು ಒಂದೇ ಸಮನೆ ನಡುಗುತ್ತಿದ್ದವು. ತೊಲೆ, ಜಂತೆ, ಜೇಡರ ಬಲೆ, ಅಜ್ಜಿಯ ಪೂಜೆಯ ಸಂಪುಟ, ಎಲ್ಲದರ ಮೇಲೂ ತೆಳ್ಳಗೆ ರಾಗಿ ಹಿಟ್ಟು. ಮೆಣಸಿನಕಾಯಿ ಬೀಸುವ ದಿನ ಮನೆಯವರೆಲ್ಲ ಸೀನುತ್ತಾ ಉಣ್ಣುತ್ತಿದ್ದೆವು. ಬಂದ ನೆಂಟರು 'ಈ ಸದ್ದಲ್ಲಿ ಹೆಂಗ್ ಇರ್ತೀರಪ್ಪಾ' ಎಂದು ಕಿವಿ ಮುಚ್ಚಿಕೊಂಡಾಗಲೇ ನಮಗೆ ಸದ್ದೊಂದಿದೆ ಎಂದು ನೆನಪಾಗುತ್ತಿದ್ದುದು. ನಡುಮನೆಯಲ್ಲಿ ಇದ್ದವರಿಗೆ ಅದು ಕೇಳುತ್ತಲೇ ಇರಲಿಲ್ಲ. ಆದರೆ ಮಿಲ್ಲಿನ ಒಳಗೇ ಹೋಗಿ ನಿಂತರೆ ಮಾತ್ರ ಪಕ್ಕದವರು ಕೂಗಿದರೂ ಬಾಯಿ ಆಡುವುದು ಕಾಣಬೇಕೇ ಹೊರತು ಮಾತು ಕಿವಿಗೆ ಬೀಳದು. ಅಪ್ಪ ಅಲ್ಲಿ ಮೂಗು ಬಾಯಿಗೆ ಟವೆಲ್ಲು ಸುತ್ತಿಕೊಂಡು ನಿಂತಿರುತ್ತಿದ್ದರು. ಹುಬ್ಬು, ರೆಪ್ಪೆ, ಕಿವಿಯ ಕೂದಲು, ಎಲ್ಲ ಬೆಳ್ಳಗೆ. ಸಣ್ಣವಳಿದ್ದಾಗ ನಾನು ಅವರಿಗೆ ವಯಸ್ಸಾಗಿದೆ ಅಂದುಕೊಂಡಿದ್ದೆ. ಸಂಜೆ ಸ್ನಾನ ಮಾಡಿ ಬಂದರೆ ಬೇರೆ ಯಾರೋ ಹರೆಯದವರು ಮನೆಗೆ ಬಂದಹಾಗೆ ಕಾಣುತ್ತಿತ್ತು.

ಆ ಹಿಟ್ಟಿನಿಂದಲೇ ಜಗಳ ಬಂತು. ಅಮ್ಮನ ತವರು ಸಿಂಗಟಗೆರೆ. ಅಲ್ಲಿ ಅಮ್ಮನ ಅಣ್ಣ ಹೊಸ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡರು. ಊಟಕ್ಕೆ ಬೇಕಾದ ಹಿಟ್ಟನ್ನೆಲ್ಲ ಬೀಸಿ ಕಳಿಸಿದ್ದು ಅಪ್ಪನೇ. ನಾನೂ ಅಮ್ಮನೂ ಎರಡು ದಿನ ಮುಂಚೆ ಹೋಗಿದ್ದೆವು. ಆ ದಿನ ಬೆಳಗ್ಗೆ ಶಿವನಿಯಲ್ಲಿ ಕರೆಂಟು ಬಂದುಬಿಟ್ಟಿದ್ದರಿಂದ ಅಪ್ಪ ಮಿಲ್ಲು ಬಿಟ್ಟು ಬರಲಾಗದೆ, ಕಡೆಗೆ ಮೈಮೇಲಿನ ಹಿಟ್ಟನ್ನೂ ತೊಳೆಯದೆ ರೈಲು, ಬಸ್ಸು ಹಿಡಿದು ಬಂದರು. ಆಗಲೇ ಮೊದಲ ಪಂಕ್ತಿ ಕೂತಿತ್ತು. ಒಂದು ಎಲೆ ಖಾಲಿಯೇ ಇತ್ತು, ನಾನೇ ನೋಡಿದೆ. ಆದರೂ ಸೋದರಮಾವ ಅಪ್ಪನನ್ನು ನೋಡಿ, 'ಒಸಿ ಹೊತ್ತು ಕೂತ್ಕಳಿ ಭಾವ, ಎರಡನೇ ಪಂಕ್ತಿ ಈಗ್ಲೇ ಹಾಕ್ತೀವಿ' ಎಂದರು. ಅಪ್ಪ ನಗುತ್ತಲೇ ಕೂತರು. ಎರಡನೇ ಪಂಕ್ತಿಯಲ್ಲಿ ಬಡಿಸಿದವರು, ಮಕ್ಕಳು, ಮನೆಯ ಹೆಂಗಸರು. ಮನೆಯ ಅಳಿಯ ಅವರ ನಡುವೆ ಉಂಡು ಎದ್ದರು.

ಶಿವನಿಗೆ ಬಂದ ಮೇಲೆ, ಕೋಣೆಯಲ್ಲಿ, ಅಜ್ಜಿ ಎದುರಿಗಿಲ್ಲದ ಒಂದೇ ಜಾಗದಲ್ಲಿ, ಅಪ್ಪ ಬಾಯಿ ಬಿಟ್ಟರು. ನಾನು ಬಂದ ದಣಿವಿಗೆ ಅಲ್ಲೇ ಚಾಪೆಯ ಮೇಲೆ ಉರುಳಿದ್ದೆ.

"ನಿಮ್ಮಣ್ಣ ನನ್ನ ಎರಡನೇ ಪಂಕ್ತೀಗೆ ಕೂರಿಸ್ದ."

ಅಮ್ಮ ಮೂರು ದಿನ ನೂರು ಜನಕ್ಕೆ ಬೇಯಿಸಿ ಬಂದಿದ್ದಳು. ಸೀರೆ ಮಡಿಸುತ್ತಿದ್ದವಳು ತಲೆ ಎತ್ತಲಿಲ್ಲ.

"ಹಿಟ್ಟು ಮೆತ್ಕೊಂಡು ಬಂದ್ರೆ ಇನ್ನೆಲ್ಲಿ ಕೂರಿಸ್ತಾರೆ? ಒಂದ್ ಚೊಂಬು ನೀರು ಹಾಕ್ಕೊಂಡು ಬರಕ್ಕಾಗ್ಲಿಲ್ವಾ ನಿಮ್ಗೆ?"

ಅಷ್ಟೇ. ಅಪ್ಪ ಎದ್ದು ದಿಂಬು ತೆಗೆದುಕೊಂಡು ಮಿಲ್ಲಿಗೆ ಹೋದರು. ರಾತ್ರಿ ಕರೆಂಟು ಬಂದರೆ ಬೀಸಬೇಕು, ಇಲ್ಲೇ ಮಲಗುತ್ತೇನೆ ಎಂದು ಅಜ್ಜಿಗೆ ಹೇಳಿದರು. ಮಗ ಎಷ್ಟು ದುಡಿಯುತ್ತಾನಪ್ಪಾ ಎಂದು ಅಜ್ಜಿ ಲೊಚಗುಟ್ಟಿದಳು. ಮರುದಿನದಿಂದ ಮನೆಯಲ್ಲಿ ಏನೂ ಬದಲಾಗಲಿಲ್ಲ. ಅಪ್ಪ ಅಮ್ಮ ಮೊದಲಿನ ಹಾಗೇ ನನ್ನ ಮೂಲಕ ಮಾತಾಡಿದರು. ಮರ್ಯಾದೆಯ ಮೌನಕ್ಕೂ ಮುನಿಸಿನ ಮೌನಕ್ಕೂ ಒಂದೇ ಬಣ್ಣ. ಇಡೀ ಮನೆಯಲ್ಲಿ ವ್ಯತ್ಯಾಸ ತಿಳಿದವಳು ನಾನೊಬ್ಬಳು, ಏಕೆಂದರೆ ಮಾತು ಹೊರುತ್ತಿದ್ದವಳು ನಾನು, ಮತ್ತು ಅದು ಭಾರವಾಗಿತ್ತು.

"ಹೋಗಿ ಹೇಳು ಅವ್ರಿಗೆ," ಎಂದಳು ಅಮ್ಮ ಮೊದಲ ದಿನ. "ಮುದ್ದೆ ಆರೋಯ್ತಾ ಐತೆ. ಬೇಕಾದ್ರೆ ಬಂದು ತಿನ್ನಲಿ, ಬ್ಯಾಡ್ದಿದ್ರೆ ನಾಯಿಗೆ ಹಾಕ್ತೀನಿ ಅಂತ."

ನಾನು ನಡುಮನೆ ದಾಟಿದೆ. ಅಜ್ಜಿ ಹುಣಸೆಹಣ್ಣು ಬಿಡಿಸುತ್ತಿದ್ದಳು. ಬಾಗಿಲ ಹತ್ತಿರ ಹೋಗುವಷ್ಟರಲ್ಲಿ ನಾಯಿಯ ಮಾತನ್ನು ಅಲ್ಲೇ ಬಿಟ್ಟೆ. ನಿಜ ಹೇಳಬೇಕೆಂದರೆ ನನಗೆ ಭಯವಾಯಿತು. ಅಪ್ಪ ಕರೆಂಟಿಲ್ಲದೆ ಸುಮ್ಮನೆ ಚೀಲದ ಮೇಲೆ ಕೂತಿದ್ದರು.

"ಅಪ್ಪಾ, ಮುದ್ದೆ ಬಿಸಿ ಇರೋವಾಗ್ಲೇ ಬರ್ಬೇಕಂತೆ."

ಅಪ್ಪ ನನ್ನ ಮುಖ ನೋಡಿದರು. ಬಂದು ಉಂಡರು. ಅಮ್ಮ ಅವರು ಉಣ್ಣುವುದನ್ನು ಅಡುಗೆಮನೆಯ ಬಾಗಿಲ ಸಂದಿಯಿಂದ ನೋಡಿದಳು. ನಾನು ಇಬ್ಬರನ್ನೂ ನೋಡಿದೆ. ಅರೆ, ಇಷ್ಟು ಸುಲಭವಾ ಅನಿಸಿತು. ಅಜ್ಜಿಯ ಆಮೆ ಮಾಡುತ್ತಿದ್ದುದೂ ಇದನ್ನೇ ಅಲ್ಲವಾ? ಅವತ್ತಿನಿಂದ ನಾನು ಬೇಕೆಂದೇ ನಿಧಾನವಾಗಿ ನಡೆಯತೊಡಗಿದೆ. ಅಡುಗೆಮನೆಯಿಂದ ಮಿಲ್ಲಿಗೆ ಹೋಗುವ ಆ ಹತ್ತಿಪ್ಪತ್ತು ಹೆಜ್ಜೆಯಲ್ಲಿ ಮಾತನ್ನು ನೆನೆಹಾಕುತ್ತಿದ್ದೆ. 'ಬಟ್ಟೆ ಒಗ್ದಾಕಿದೀನಿ, ಇನ್ನೊಂದ್ ಸಲ ಹಿಟ್ಟು ಮೆತ್ಕೊಂಡ್ರೆ ಅವರೇ ಒಕ್ಕೊಳ್ಳಲಿ' ಎನ್ನುವುದು 'ಬಿಳೀ ಅಂಗಿ ಒಗ್ದಿಟ್ಟೈತಂತೆ, ಹಾಕ್ಕೊಂಡ್ರೆ ಚೆನ್ನಾಗ್ ಕಾಣ್ತಾರಂತೆ' ಆಗುತ್ತಿತ್ತು. ಅಪ್ಪ ಒಂದು ಗಳಿಗೆ ನನ್ನನ್ನು ಪಿಳಿಪಿಳಿ ನೋಡಿ, ಸಂಜೆ ಆ ಅಂಗಿ ಹಾಕಿಕೊಳ್ಳುತ್ತಿದ್ದರು. ಅಮ್ಮ ಅದನ್ನು ನೋಡಿ ಕಕ್ಕಾಬಿಕ್ಕಿಯಾಗುತ್ತಿದ್ದಳು. ಒಗೆದು ಬೈದು ಕಳಿಸಿದರೆ ಸಿಂಗರಿಸಿಕೊಂಡು ಬರುತ್ತಾರಲ್ಲ ಇವರು! ನಮ್ಮ ಮನೆಯಲ್ಲಿ ಯಾರು ಯಾರಿಗೆ ಏನು ಹೇಳುತ್ತಿದ್ದಾರೆಂದು ನಿಜವಾಗಿ ಯಾರಿಗೂ ಗೊತ್ತಿರದ ಆ ಹದಿನೈದು ದಿನ ನನ್ನ ಬಾಲ್ಯದ ಬಹಳ ಖುಷಿಯ ದಿನಗಳು. ಹಾಗೆ ಹೇಳಲು ನಾಚಿಕೆಯಾಗುತ್ತದೆ, ಆದರೆ ಹೌದು.

ಆಮೇಲೆ ನನ್ನ ಬಾಯಿ ನನ್ನ ಕೈ ಮೀರಿತು. ಒಂದು ಮಧ್ಯಾಹ್ನ ಊಟಕ್ಕೆ ಕರೆಯಲು ಹೋದೆ. ಮನೆಯಲ್ಲಿ ಮಠದ ಕಡೆಯಿಂದ ಬಂದ ಇಬ್ಬರು ಹಿರಿಯರಿದ್ದರು, ಅವರಿಗೂ ಅಪ್ಪನಿಗೂ ಒಟ್ಟಿಗೆ ಬಡಿಸಬೇಕಿತ್ತು. ಅಪ್ಪನಿಗೆ ಆ ದಿನ ಏನಾಗಿತ್ತೋ, ಮಿಲ್ಲಿನ ಸವೆದ ಬೀಸುಕಲ್ಲಿಗೆ ಉಳಿಯಿಂದ ಹಲ್ಲು ಕುಟ್ಟುತ್ತಾ ಕೂತವರು ತಲೆ ಎತ್ತದೇ ಹೇಳಿದರು.

"ಹಿಟ್ಟಿನ ಮೈಯೋನು ಮೊದಲ್ನೇ ಪಂಕ್ತೀಗೆ ಬರಾಕಿಲ್ಲ ಅಂತ ಹೇಳು. ನನಗೆ ಎರಡನೇ ಪಂಕ್ತಿಯೇ ಗತಿ."

ನಮ್ಮ ಮನೆಯಲ್ಲಿ ಎರಡನೇ ಪಂಕ್ತಿ ಎಂದರೆ ಅಮ್ಮ. ಗಂಡಸರು, ಅಜ್ಜಿ, ನಾನು ಎಲ್ಲ ಉಂಡ ಮೇಲೆ ಅವಳೊಬ್ಬಳೇ ಒಲೆಯ ಮುಂದೆ ಕೂತು, ಪಾತ್ರೆಯಲ್ಲಿ ಉಳಿದದ್ದನ್ನು ಬಳಿದುಕೊಂಡು ಉಣ್ಣುತ್ತಿದ್ದಳು. ನಾನು ನಡುಮನೆಯಲ್ಲಿ ನಡೆಯುತ್ತಾ ಅಪ್ಪನ ಮಾತನ್ನು ತಿರುಗಿಸಿ ನೋಡಿದೆ. ಅದರಲ್ಲಿ ಬದಲಾಯಿಸುವಂಥದ್ದು ಏನೂ ಕಾಣಲಿಲ್ಲ, ಅದು ಆಗಲೇ ಎಷ್ಟು ಚೆನ್ನಾಗಿತ್ತು!

"ಅಮ್ಮಾ, ಅಪ್ಪ ಎರಡನೇ ಪಂಕ್ತೀಗೆ ಬರ್ತಾರಂತೆ. ನಿನ್ ಜೊತೇಲಿ ಉಣ್ತಾರಂತೆ."

ಅಮ್ಮನ ಕೈಯ ಸೌಟು ನಿಂತಿತು. ಮುಖ ಕೆಂಪಾಯಿತೋ, ಒಲೆಯ ಬೆಳಕೋ. ಹಿರಿಯರಿಗೆ ಬಡಿಸಿ, ಅಜ್ಜಿಗೆ ಬಡಿಸಿ, ನನಗೆ ಬಡಿಸಿದಳು. ಆಮೇಲೆ ಒಲೆಯ ಮುಂದೆ ನೀರು ಚಿಮುಕಿಸಿ ಒರೆಸಿ ಎರಡು ಊಟದ ತಣಿಗೆ ಇಟ್ಟಳು. ಕೈ ತೊಳೆಯಲು ಬಂದ ಅಜ್ಜಿ ಅದನ್ನು ನೋಡಿದಳು. ಹಿರಿಯರೂ ನೋಡಿದರು.

"ಯಾರಿಗೇ ಶಿವಮ್ಮ ಇನ್ನೊಂದು?" ಎಂದಳು ಅಜ್ಜಿ.

ಅಷ್ಟರಲ್ಲಿ ಅಪ್ಪ ಬಂದರು. ಬಾಗಿಲಲ್ಲಿ ನಿಂತರು, ಎರಡು ತಣಿಗೆ ನೋಡಿದರು. ಹಿರಿಯರು ಇನ್ನೂ ಅಲ್ಲೇ ಇದ್ದರು. ಅಮ್ಮ ಆ ದಿನ ಜೀವಮಾನದಲ್ಲಿ ಮೊದಲ ಸಲ ಅತ್ತೆಯ ಎದುರು ಗಂಡನಿಗೆ ನೇರವಾಗಿ ಹೇಳಿದಳು.

"ಕೂತ್ಕಳಿ. ನನ್ನ ಜೊತೆ ಉಣ್ತೀನಿ ಅಂತ ಹೇಳಿ ಕಳಿಸಿದ್ರಂತಲ್ಲ."

"ನಾನಾ?" ಎಂದರು ಅಪ್ಪ. "ನಾನೆಲ್ಲಿ ಹೇಳ್ದೆ?"

ಹಿರಿಯರಲ್ಲಿ ಒಬ್ಬರು ನಕ್ಕುಬಿಟ್ಟರು. ಕೆಟ್ಟ ನಗುವಲ್ಲ, ಆದರೂ ನಗು. ಅಪ್ಪ ಅಲ್ಲಿಂದಲೇ ಹಿಂದಿರುಗಿದರು. ಅಮ್ಮ ನಿಧಾನವಾಗಿ ಒಂದು ತಣಿಗೆ ಎತ್ತಿ ಗೂಡಿನಲ್ಲಿಟ್ಟಳು. ಇನ್ನೊಂದನ್ನೂ ಇಟ್ಟಳು. ಆಮೇಲೆ ನನ್ನ ಕಡೆಗೆ ತಿರುಗಿದಳು. ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು.

"ಇಷ್ಟು ದಿನ ಹೇಳಿದ್ದೆಲ್ಲ ಹಿಂಗೇನಾ?" ಎಂದಳು. ನಾನು ಅಳತೊಡಗಿದೆ. ಅವಳಿಗೆ ಅದೇ ಉತ್ತರವಾಯಿತು.

ಎರಡು ದಿನ ಬಿಟ್ಟು ಅಮ್ಮ ಟ್ರಂಕು ಇಳಿಸಿದಳು. 'ಅಣ್ಣನ ಮನೇಗೆ ನಾಕು ದಿನ ಹೋಗ್ಬತ್ತೀನಿ ಅತ್ತೆ' ಎಂದಳು. 'ಹೋಗಿ ಬಾರಮ್ಮ, ಅಲ್ಲೂ ದುಡ್ದಿದೀಯ, ಒಸಿ ಸುಧಾರಿಸ್ಕೊಂಡು ಬಾ' ಎಂದಳು ಅಜ್ಜಿ. ಅಜ್ಜಿಗೆ ಜಗಳವೇ ಗೊತ್ತಿಲ್ಲ. ಎರಡು ತಣಿಗೆಯನ್ನು ಆಕೆ ನನ್ನ ಕಪಿಚೇಷ್ಟೆ ಎಂದು ಆಗಲೇ ಮರೆತಿದ್ದಳು. ಆದರೆ ಅಮ್ಮ ಟ್ರಂಕಿಗೆ ಕಂಬಳಿ ಹಾಕುವುದನ್ನು ನಾನು ನೋಡಿದೆ. ಆಗ ಬೇಸಿಗೆ. ನಾಲ್ಕು ದಿನಕ್ಕೆ ಹೋಗುವವರು ಬೇಸಿಗೆಯಲ್ಲಿ ಕಂಬಳಿ ಒಯ್ಯುತ್ತಾರೆಯೇ? ಚಳಿಗಾಲಕ್ಕೂ ಇವಳು ಬರುವುದಿಲ್ಲ ಎಂದು ನನಗೆ ಅರ್ಥವಾಯಿತು.

"ನಾನೂ ಬತ್ತೀನಮ್ಮ," ಎಂದೆ.

"ನಿಂಗೆ ಸ್ಕೂಲೈತೆ. ಇಲ್ಲೇ ಇರು," ಎಂದಳು. ನನ್ನ ಕಡೆ ನೋಡಲಿಲ್ಲ. ಟ್ರಂಕು ಎತ್ತಿಕೊಂಡು ಸ್ಟೇಷನ್ನಿನ ದಾರಿ ಹಿಡಿದಳು.

ನಾನು ಮಿಲ್ಲಿಗೆ ಓಡಿದೆ. ದೇವರಾಣೆ, ಆ ದಿನ ಕರೆಂಟು ಬಂದಿತ್ತು. ಡಬ್ಬ ಹಿಡಿದ ಹೆಂಗಸರು ಬಾಗಿಲ ತನಕ ಕೂತಿದ್ದರು. ಬೆಲ್ಟು ಪಟಪಟ ಹೊಡೆಯುತ್ತಿತ್ತು. ನಾನು ಅಪ್ಪನ ಸೊಂಟ ಹಿಡಿದು, ಅವರ ಕಿವಿ ನನ್ನ ಬಾಯಿಗೆ ಬರುವ ತನಕ ಜಗ್ಗಿ, ಕಿರುಚಿದೆ.

"ಅಮ್ಮ ಹೋಗ್ತಾವ್ಳೆ! ಕಂಬಳಿ ತಗಂಡವ್ಳೆ! ವಾಪಸ್ ಬರಲ್ಲ!"

ಈಗ ನಾನು ಹೇಳುವುದನ್ನು ಬಹಳ ಎಚ್ಚರದಿಂದ ಹೇಳಬೇಕು, ಏಕೆಂದರೆ ಎಲ್ಲ ನಿಂತಿರುವುದು ಇದರ ಮೇಲೆ. ಅಪ್ಪ ನೆಟ್ಟಗೆ ನಿಂತರು. ಬಾಗಿಲ ಕಡೆ ನೋಡಿದರು. ಅರ್ಧ ಸುರಿದಿದ್ದ ರಾಗಿಯ ಕಡೆ ನೋಡಿದರು. ಬಾಯಿಗೆ ಸುತ್ತಿದ್ದ ಟವೆಲ್ಲನ್ನು ಗಲ್ಲದ ಕೆಳಗೆ ಎಳೆದುಕೊಂಡರು. ನನ್ನ ಬಲಭುಜದ ಮೇಲೆ ಕೈಯಿಟ್ಟು ಏನೋ ಹೇಳಿದರು. ಅವರ ತುಟಿ ಆಡಿತು. ಮತ್ತೆ ಟವೆಲ್ಲು ಮೇಲಕ್ಕೆ ಎಳೆದುಕೊಂಡು, ಭುಜ ಹಿಡಿದು ನನ್ನನ್ನು ಬಾಗಿಲ ಕಡೆ ತಳ್ಳಿದರು. ನನಗೆ ಒಂದು ಅಕ್ಷರವೂ ಕೇಳಿಸಲಿಲ್ಲ. ಏನಂದ್ರಿ ಎಂದು ಕೇಳಲು ಹೊತ್ತಿರಲಿಲ್ಲ, ಬೀದಿಗೆ ಬಿದ್ದಾಗ ಸ್ಟೇಷನ್ನಿನಲ್ಲಿ ಗಂಟೆ ಹೊಡೆಯುತ್ತಿತ್ತು. ಅವರೇ ಏಕೆ ಓಡಿ ಬರಲಿಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಭಿಮಾನವೋ, ರಾಗಿಯೋ, ಅಷ್ಟು ಹೆಂಗಸರ ಮುಂದೆ ನಾಚಿಕೆಯೋ. ಅಥವಾ ಮಾತು ಹೊರುವವಳು ನಾನಿದ್ದೇನೆ, ನಾನು ಹೊತ್ತರೆ ಕೆಲಸವಾಗುತ್ತದೆ ಎಂದು ಅವರಿಗೆ ಆಗಲೇ ಗೊತ್ತಿತ್ತೋ.

ಅಮ್ಮ ಹೊಂಗೆ ಮರದ ಕೆಳಗೆ ಟ್ರಂಕಿನ ಮೇಲೆ ಕೂತಿದ್ದಳು. ಬೀರೂರಿನ ಕಡೆಗೆ ಹೋಗುವ ಪ್ಯಾಸೆಂಜರು ದೂರದಲ್ಲಿ ಕಾಣುತ್ತಿತ್ತು. ನಾನು ಅವಳ ಮುಂದೆ ಹೋಗಿ ನಿಂತೆ. ಏದುಸಿರು. ಹೇಳಲು ನನ್ನ ಬೆನ್ನ ಮೇಲೆ ಏನೂ ಇರಲಿಲ್ಲ.

"ಏನಂತೆ?" ಎಂದಳು ಅಮ್ಮ.

"ನೀನು ಮನೇಲಿಲ್ದಿದ್ರೆ ಮಿಲ್ಲಿನ ಸದ್ದು ಕಿವಿಗೆ ಬೀಳ್ತದಂತೆ," ಎಂದೆ.

ಆ ಮಾತು ಎಲ್ಲಿಂದ ಬಂತೋ ತಿಳಿಯದು. ಅಜ್ಜಿಯ ಕತೆಯಲ್ಲಿ ಇರಲಿಲ್ಲ. ನಾನು ಯೋಚಿಸಿದ್ದೂ ಅಲ್ಲ. ಅಮ್ಮ ನನ್ನನ್ನೇ ನೋಡಿದಳು. ನಾನು ಸುಳ್ಳು ಹೇಳುವವಳೆಂದು ಎರಡೇ ದಿನದ ಹಿಂದೆ ಹಿರಿಯರ ಮುಂದೆ ಅವಳಿಗೆ ಗೊತ್ತಾಗಿತ್ತು. ಆಣೆ ಹಾಕು ಎನ್ನುತ್ತಾಳೆ ಅಂದುಕೊಂಡೆ. ಅವಳ ಕಣ್ಣು ನನ್ನ ಭುಜಕ್ಕೆ ಹೋಯಿತು. ಅಲ್ಲಿ ನನ್ನ ಕೆಂಪು ರವಿಕೆಯ ಮೇಲೆ ಅಪ್ಪನ ಕೈ ಐದೂ ಬೆರಳಿನ ಸಮೇತ ಬೆಳ್ಳಗೆ ಮೂಡಿತ್ತು. ಅದರ ಮೇಲೆ ತನ್ನ ಕೈಯಿಟ್ಟಳು, ಒರೆಸಲಿಲ್ಲ. ರೈಲು ಬಂತು, ನಿಂತಿತು, ಹೋಯಿತು. ಅಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ಎದ್ದಳು. "ಟ್ರಂಕಿನ ಆ ಕಡೆ ಹಿಡ್ಕೋ," ಎಂದಳು.

ಮನೆಗೆ ಬಂದಾಗ ಅಜ್ಜಿ 'ಏನಮ್ಮ, ರೈಲು ತಪ್ಪೋಯ್ತಾ?' ಎಂದಳು. 'ಹೂಂ ಅತ್ತೆ' ಎಂದಳು ಅಮ್ಮ. ಆ ದಿನ ಎಲ್ಲರದೂ ಊಟವಾದ ಮೇಲೆ ಅಪ್ಪ ಸ್ನಾನ ಮಾಡಿ, ಆ ಬಿಳಿ ಅಂಗಿ ಹಾಕಿಕೊಂಡು, ಯಾರೂ ಕರೆಯದೆ ಬಂದು ಒಲೆಯ ಮುಂದೆ ಕೂತರು. ಅಮ್ಮ ಇನ್ನೊಂದು ತಣಿಗೆ ತೆಗೆದಳು. ಇಬ್ಬರೂ ಉಂಡರು. ಒಂದೂ ಮಾತಿಲ್ಲ. ಅಜ್ಜಿ ಕಂಬಕ್ಕೆ ಒರಗಿ ನೋಡಿ, 'ಈ ಮನೇಲಿ ಎರಡನೇ ಪಂಕ್ತೀಗೇ ತುಪ್ಪ ಜಾಸ್ತಿ ಕಣಪ್ಪ ಇನ್ಮೇಲೆ' ಎಂದಳು. ಮುಂದೆ ಅಪ್ಪ ಬದುಕಿರುವ ತನಕ ಎರಡನೇ ಪಂಕ್ತಿಯಲ್ಲೇ ಉಂಡರು. ಸಿಂಗಟಗೆರೆಗೆ ಹೋದಾಗಲೂ ಅಷ್ಟೆ, ಸೋದರಮಾವ ಕೈ ಹಿಡಿದು ಎಳೆದರೂ ಮೊದಲ ಪಂಕ್ತಿಗೆ ಕೂರಲಿಲ್ಲ. ಅದು ಛಲವಾಗಿತ್ತೋ ಪ್ರೀತಿಯಾಗಿತ್ತೋ ನನಗೆ ಬಗೆಹರಿಯಲಿಲ್ಲ. ಅವರಿಬ್ಬರೂ ರಾಜಿಯಾದರೋ, ಅಥವಾ ಮತ್ತೆ ಮರ್ಯಾದೆಗೆ ಮರಳಿದರೋ? ಮಾತನ್ನಂತೂ ನನ್ನ ಮೂಲಕವೇ ಆಡಿದರು. ನಾನು ಮತ್ತೆ ಎಂದೂ ಒಂದಕ್ಷರ ಬದಲಾಯಿಸಲಿಲ್ಲ. ಬದಲಾಯಿಸಬೇಕಾದ ಅಗತ್ಯವೂ ಬೀಳಲಿಲ್ಲ. ಆ ಸ್ಟೇಷನ್ನಿನ ಮಾತನ್ನು ಅಮ್ಮ ಎತ್ತಲಿಲ್ಲ, ಅಪ್ಪನೂ ಎತ್ತಲಿಲ್ಲ. ನಾನು ಮಾತ್ರ ಅದನ್ನು ಹೊತ್ತುಕೊಂಡೇ ಬೆಳೆದೆ. ನಾನು ಮಾಡಿದ್ದು ಮನೆ ಉಳಿಸುವ ಕೆಲಸವೋ, ಅಥವಾ ಅಮ್ಮನನ್ನು ಎರಡನೇ ಸಲ ಮೋಸಗೊಳಿಸುವ ಕೆಲಸವೋ? ಕತೆ ಬರೆಯಲು ಕೂತಾಗಲೆಲ್ಲ ಈ ಪ್ರಶ್ನೆ ಪಕ್ಕದಲ್ಲೇ ಬಂದು ಕೂರುತ್ತದೆ.

ಅಮ್ಮ ಈಗ ಕಡೂರಿನಲ್ಲಿ ನಮ್ಮ ಜೊತೆಯೇ ಇದ್ದಾಳೆ. ಕಣ್ಣಿಗೆ ಪೊರೆ ಬಂದು ಓದಲಾಗುವುದಿಲ್ಲ. ಮಧ್ಯಾಹ್ನ ಊಟವಾದ ಮೇಲೆ ನಾನು ಬರೆದ ಕಂತನ್ನು ಅವಳಿಗೆ ಓದಿ ಹೇಳುತ್ತೇನೆ. 'ಆ ರಾಣಿಗೆ ಒಸಿ ಬುದ್ಧಿ ಕಮ್ಮಿ' ಎಂದೋ, 'ಮುದ್ದೆ ಮಾಡಕ್ಕೆ ಬರಲ್ವಾ ಅವ್ಳಿಗೆ' ಎಂದೋ ಅನ್ನುತ್ತಾಳೆ. ಮೊನ್ನೆ ಆಮೆ ಕಡೆಯ ಮಾತು ಹೊತ್ತು ರಾಣಿಯ ಬಾಗಿಲಿಗೆ ಬರುವ ಕಂತು ಓದಿದೆ. ಆ ಹುಡುಗಿ ಕೇಳಿದ ಪ್ರಶ್ನೆಯನ್ನೂ ನಗುತ್ತಾ ಹೇಳಿದೆ. ಅಮ್ಮ ನಗಲಿಲ್ಲ. ಎಲೆಅಡಿಕೆ ಬಾಯಿಗೆ ಹಾಕಿಕೊಂಡು ಅಗಿಯತೊಡಗಿದಳು.

"ಗೌರಿ, ಸ್ಟೇಷನ್ನಾಗೆ ಅವತ್ತು ಒಂದು ಮಾತು ಹೇಳಿದ್ಯಲ್ಲ," ಎಂದಳು. "ಮಿಲ್ಲಿನ ಸದ್ದಿಂದು. ಅದು ಅವರ್ದಾ, ನಿಂದಾ?"

ಇಷ್ಟು ವರ್ಷ ಕೇಳದವಳು ಈಗ ಕೇಳುತ್ತಿದ್ದಾಳೆ. ಹೇಳಬೇಕಾದವರು ಇಲ್ಲ.

"ಅಪ್ಪ ಅಂದಿದ್ದು, ನೀನು ಮನೇಲಿ..."

"ಅವ್ರು ಹಂಗಂದ್ರಂತೆ, ಹಿಂಗಂದ್ರಂತೆ ಬ್ಯಾಡ. ಅಂತೆ ಬಿಟ್ಟು ಹೇಳು."

ಅಂತೆ ಬಿಟ್ಟು ಹೇಳಲು ನನ್ನ ಹತ್ತಿರ ಇದ್ದದ್ದು ಸ್ವಲ್ಪವೇ. ಅದನ್ನೇ ಹೇಳಿದೆ.

"ಗೊತ್ತಿಲ್ಲಮ್ಮ. ಮಿಲ್ಲು ಓಡ್ತಿತ್ತು. ಟವೆಲ್ಲು ಕೆಳಗೆ ಎಳ್ಕೊಂಡ್ರು, ಏನೋ ಹೇಳಿದ್ರು. ಬಾಯಿ ಆಡಿದ್ದು ಕಂಡೆ. ಮಾತು ಕೇಳ್ಲಿಲ್ಲ."

ಅಮ್ಮನಿಗೆ ಸಿಟ್ಟು ಬರಬಹುದು, ಅಳು ಬರಬಹುದು ಎಂದು ಕಾದೆ. ಅವಳು ಎಲೆಅಡಿಕೆ ಅಗಿಯುವುದನ್ನು ನಿಲ್ಲಿಸಿದಳು.

"ಎಷ್ಟ್ ಹೊತ್ತು ಆಡ್ತು ಬಾಯಿ?"

"ಅಂದ್ರೆ?"

"ನೋಡಿಲ್ಲಿ," ಎಂದು ಅಮ್ಮ ನನ್ನ ಕಡೆಗೆ ತಿರುಗಿ ಕೂತಳು. ಪೊರೆ ಬಂದ ಕಣ್ಣನ್ನು ಮುಚ್ಚಿಕೊಂಡಳು. ಆಮೇಲೆ ದನಿಯಿಲ್ಲದೆ, ಬರಿ ತುಟಿಯಲ್ಲಿ, ಆ ಮಾತನ್ನು ಮೊದಲಿಂದ ಕೊನೆಯವರೆಗೆ ಹೇಳಿದಳು. ನೀನು ಮನೆಯಲ್ಲಿಲ್ಲದಿದ್ದರೆ ಮಿಲ್ಲಿನ ಸದ್ದು ಕಿವಿಗೆ ಬೀಳುತ್ತದೆ. ಒಂದಕ್ಷರವೂ ತಪ್ಪಲಿಲ್ಲ. ಎಷ್ಟು ಸಲ ಹೇಳಿಕೊಂಡಿದ್ದಳೋ. ಕಣ್ಣು ಬಿಟ್ಟಳು.

"ಇಷ್ಟೊತ್ತಾ?"

ನಾನು ಅಪ್ಪನ ಬಾಯಿಯನ್ನು ನೆನಪಿಸಿಕೊಳ್ಳಲು ನೋಡಿದೆ. ಬೆಳ್ಳಗಿನ ಹುಬ್ಬು, ಗಲ್ಲದ ಕೆಳಗಿನ ಟವೆಲ್ಲು, ಆಡುವ ತುಟಿ. ಕಂಡದ್ದು ನೆನಪೋ, ಈಗ ನಾನೇ ಕಟ್ಟುತ್ತಿರುವುದೋ, ದೇವರೇ ಬಲ್ಲ.

"ಇನ್ನೂ ಒಸಿ ಜಾಸ್ತೀನೇ ಆಡ್ತಮ್ಮ," ಎಂದೆ.

ಅಮ್ಮ ಮತ್ತೆ ಎಲೆಅಡಿಕೆ ಅಗಿಯತೊಡಗಿದಳು.

"ಹಂಗಾರೆ ಒಂದೆರಡು ಮಾತು ದಾರೀಲೇ ಬೀಳಿಸ್ಕೊಂಡು ಬಂದಿದೀಯ ಕಣೇ ನೀನು," ಎಂದಳು.